ಫೀಸು ಕಟ್ಟೋ ಶಕ್ತಿ ಇಲ್ಲ, ಹೊರದೇಶದಲ್ಲಿ ಸಂಗೀತ ಓದಬೇಕು. ಎಲ್ಲಿಂದ ಶುರು ಮಾಡಲಿ?

ಚೆಲ್ಲೋಮರಿ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಸುಮ್ನೆ ಓದುತ್ತಿದ್ದೆ, ಇವತ್ತು ಕೇಳಿಯೇ ಬಿಡೋಣ ಅನ್ನಿಸಿತು. ನನಗೆ 23. ಹನ್ನೊಂದನೇ ವಯಸ್ಸಿನಿಂದ ಚೆಲ್ಲೋ ನುಡಿಸುತ್ತಿದ್ದೇನೆ, ಒಬ್ಬರೇ ಮೇಷ್ಟ್ರ ಹತ್ತಿರ. ಸಂಗೀತ ಪರೀಕ್ಷೆಗಳಲ್ಲಿ ಗ್ರೇಡ್ 8 ಆಗಿದೆ. ಡಿಗ್ರಿ ಮಾತ್ರ ಬೇರೆ ವಿಷಯದಲ್ಲಿ, ಮನೆಯವರಿಗೋಸ್ಕರ ಮುಗಿಸಿದ್ದು. ಎರಡು ವರ್ಷ ಕೆಲಸ ಮಾಡಿ ಉಳಿಸಿದ್ದು ಒಟ್ಟು 9,000 ಯೂರೋ ಆಗಬಹುದು. ಮೊನ್ನೆ ಲಂಡನ್ನಿನ ಕಾಲೇಜುಗಳ ಫೀಸು ನೋಡಿದೆ. ಹೊರದೇಶದವರಿಗೆ ವರ್ಷಕ್ಕೆ 25 ಸಾವಿರ ಪೌಂಡ್‌ಗೂ ಜಾಸ್ತಿ. ಪುಟ ಮುಚ್ಚಿ, ಎದ್ದು ಹೋಗಿ ನೀರು ಕುಡಿದು ಬಂದೆ.

ನಾರ್ವೆಯಲ್ಲಿ ಎಲ್ಲರಿಗೂ ಉಚಿತ ಅಂತ ಒಂದು ಕಡೆ ಓದಿದೆ. ನಿಜವಾ? ನನ್ನಂಥವರಿಗೆ ಬೇರೆ ಯಾವ ದಾರಿ ಇದೆ? ಮುಚ್ಚುಮರೆ ಇಲ್ಲದೆ ಹೇಳಿ, ಬೇಜಾರು ಮಾಡಿಕೊಳ್ಳಲ್ಲ.

ರೀಡ್‌ಕತ್ತರಿ

ಮೊದಲು ಕೆಟ್ಟ ಸುದ್ದಿ. ನಾರ್ವೆಯ ಕಾಲ ಮುಗಿಯಿತು. 2023ರ ಶರತ್ಕಾಲದಿಂದ ಯುರೋಪಿನ ಹೊರಗಿನವರು ಅಲ್ಲಿ ಫೀಸು ಕಟ್ಟಬೇಕು. ಡೆನ್ಮಾರ್ಕ್ 2006ರಲ್ಲೇ ಶುರು ಮಾಡಿತ್ತು, ಸ್ವೀಡನ್ 2011ರಲ್ಲಿ, ಫಿನ್‌ಲೆಂಡ್ 2017ರಲ್ಲಿ. ನೀವು ಓದಿದ್ದು ಹಳೇ ಲೇಖನ. ಹಳೇ ಲೇಖನಕ್ಕೆ ಹೊಸ ತಾರೀಕು ಹಾಕಿ ಮತ್ತೆ ಬಿಡುವವರು ಬೇಕಾದಷ್ಟು ಜನ ಇದ್ದಾರೆ.

ನಾನು ಜರ್ಮನಿಯಲ್ಲಿ ಓಬೋ ಓದುತ್ತಿದ್ದೇನೆ, ಇದು ಮೂರನೇ ವರ್ಷ. ಇಲ್ಲಿ ಸರ್ಕಾರಿ ಸಂಗೀತ ಕಾಲೇಜುಗಳು 24 ಇವೆ. ಅವಕ್ಕೆ ಮ್ಯೂಸಿಕ್‌ಹೋಖ್‌ಶೂಲೆ ಅಂತಾರೆ. ಹೆಚ್ಚಿನ ಕಡೆ ಹೊರದೇಶದವರಿಗೂ ಬೋಧನಾ ಶುಲ್ಕ ಇಲ್ಲ. ಸೆಮಿಸ್ಟರ್‌ಗೆ ನೂರರಿಂದ ಮುನ್ನೂರೈವತ್ತು ಯೂರೋ ಒಳಗೆ ಒಂದು ವಂತಿಗೆ ಕಟ್ಟಬೇಕು, ಎಷ್ಟೋ ಕಡೆ ಅದರಲ್ಲೇ ಬಸ್ಸು ರೈಲಿನ ಪಾಸೂ ಬರುತ್ತದೆ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ನಮ್ಮಂಥವರಿಗೆ ಸೆಮಿಸ್ಟರ್‌ಗೆ 1,500 ಯೂರೋ. ಅಂದರೆ ಫ್ರೈಬುರ್ಗ್, ಕಾರ್ಲ್ಸ್‌ರೂಹೆ, ಮಾನ್‌ಹೈಮ್, ಸ್ಟುಟ್‌ಗಾರ್ಟ್, ಟ್ರೊಸಿಂಗೆನ್ ಐದೂ ಅದರೊಳಗೆ ಬಂದವು. ಲೈಪ್‌ಜಿಗ್ ಬೇರೆ ರಾಜ್ಯದಲ್ಲಿದ್ದರೂ ಅಲ್ಲಿನ ಹೋಖ್‌ಶೂಲೆ 1,800 ತೆಗೆದುಕೊಳ್ಳುತ್ತದೆ. ಆದ್ದರಿಂದ 'ಜರ್ಮನಿ ಫ್ರೀ' ಅಂತ ಯಾರಾದರೂ ಅಂದರೆ, ಯಾವ ಊರು ಅಂತ ಕೇಳಿ.

ಫೀಸು ಇಲ್ಲ ಅಂದ ಮಾತ್ರಕ್ಕೆ ದುಡ್ಡು ಬೇಡ ಅಂತ ಅಲ್ಲ. ವೀಸಾಕ್ಕೆ ಮೊದಲು ಬ್ಲಾಕ್ಡ್ ಅಕೌಂಟ್‌ನಲ್ಲಿ 11,904 ಯೂರೋ ಇಡಬೇಕು. ಅದರಿಂದ ತಿಂಗಳಿಗೆ 992 ಮಾತ್ರ ತೆಗೆಯಲು ಬರುತ್ತದೆ. ನಿಮ್ಮದೇ ದುಡ್ಡನ್ನು ಯಾರೋ ತಿಂಗಳ ಖರ್ಚಿಗೆ ಅಂತ ಎಣಿಸಿ ಕೊಟ್ಟ ಹಾಗಿರುತ್ತದೆ. ಆರೋಗ್ಯ ವಿಮೆಗೇ ಸುಮಾರು 140 ಹೋಗುತ್ತದೆ. ಮನೆಯಲ್ಲಿ ರೇಡಿಯೋ ಇರಲಿ ಬಿಡಲಿ, ಮನೆಗೊಂದರಂತೆ 18.36 ಯೂರೋ ಪ್ರಸಾರ ಶುಲ್ಕ ಬೇರೆ. ನನಗೆ ಅದರ ಮೇಲೆ ಇನ್ನೂ ಸಿಟ್ಟಿದೆ.

ಚೆಲ್ಲೋಮರಿ

ಹಾಗಾದರೆ ನನ್ನ 9,000 ಬ್ಲಾಕ್ಡ್ ಅಕೌಂಟ್‌ಗೇ ಸಾಲಲ್ಲ! ಇನ್ನೊಂದು ಪ್ರಶ್ನೆ. ಡಿಗ್ರಿ ಹೇಗೂ ಇದೆಯಲ್ಲ, ನೇರ ಮಾಸ್ಟರ್ಸ್‌ಗೆ ಹೋಗಬಹುದಾ? ಎರಡೇ ವರ್ಷದಲ್ಲಿ ಮುಗಿಯುತ್ತದೆ.

ಅರ್ಧಸ್ವರ

ಆಗಲ್ಲ. ನುಡಿಸುವುದರಲ್ಲಿ ಮಾಸ್ಟರ್ಸ್ ಬೇಕಾದರೆ ಜರ್ಮನಿಯಲ್ಲಿ ಸಂಗೀತದ್ದೇ ಬ್ಯಾಚುಲರ್ಸ್ ಕೇಳುತ್ತಾರೆ. ನೀವು ಮೊದಲಿಂದ ಶುರು ಮಾಡಬೇಕು. ಸಂಗೀತದ ಬ್ಯಾಚುಲರ್ಸ್ ಅಲ್ಲಿ ಸಾಮಾನ್ಯವಾಗಿ ಎಂಟು ಸೆಮಿಸ್ಟರ್. ನಾಲ್ಕು ವರ್ಷಕ್ಕೆ 11,904ರ ಲೆಕ್ಕ ಹಾಕಿದರೆ 47,616 ಯೂರೋ. ಇದು 'ಉಚಿತ' ಶಿಕ್ಷಣದ ಬೆಲೆ.

ನಾನು ಸೀಟು ಸಿಗದೆ ವಾಪಸ್ ಬಂದವನು. ಇಲ್ಲಿ ಬರೆಯುವವರೆಲ್ಲ ಗೆದ್ದವರೇ ಆಗಿರುತ್ತಾರೆ, ಒಬ್ಬ ಸೋತವನ ಮಾತೂ ಇರಲಿ. ಜೂನ್‌ನಲ್ಲಿ ಜರ್ಮನಿಯ ಮೂರು ಊರಲ್ಲಿ ಪ್ರವೇಶ ಪರೀಕ್ಷೆ. ಎರಡು ವಾರ ರೈಲು, ಹಾಸ್ಟೆಲ್, ಕ್ಲಾರಿನೆಟ್ ಪೆಟ್ಟಿಗೆ. ಮೊದಲನೇ ಊರಲ್ಲಿ ಚೆನ್ನಾಗೇ ನುಡಿಸಿದೆ. ಹನ್ನೆರಡು ನಿಮಿಷ ಸಿಕ್ಕಿತು, ಆರನೇ ನಿಮಿಷಕ್ಕೆ 'ಸಾಕು, ಥ್ಯಾಂಕ್ಯೂ' ಅಂದರು. ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಕಿವಿಯ ಪರೀಕ್ಷೆ. ಪರೀಕ್ಷಕರು ಪಿಯಾನೋದಲ್ಲಿ ನಾಲ್ಕು ಸ್ವರ ಒಟ್ಟಿಗೆ ಒತ್ತಿದರು. ಮೇಲಿನಿಂದ ಮೂರನೇದು ಹಾಡಿ ಅಂದರು. ನನಗೆ ಮೇಲಿನದು ಕೇಳಿಸಿತು, ಕೆಳಗಿನದು ಕೇಳಿಸಿತು. ಮಧ್ಯದ್ದು ಎರಡೂ ಸೇರಿ ಒಂದು ಮಂಜು. ಏನೋ ಒಂದು ಹಾಡಿದೆ. ಅವರು ನಕ್ಕಿದ್ದರೂ ಪರವಾಗಿರಲಿಲ್ಲ, ಪೆನ್ಸಿಲ್‌ನಲ್ಲಿ ಏನೋ ಗೀಚಿ ಸುಮ್ಮನಾದರು. ಥಿಯರಿ ಪೇಪರ್‌ನಲ್ಲಿ ಇನ್ನೊಂದು ಹೊಂಡ ಕಾದಿತ್ತು. ಜರ್ಮನ್ನರಿಗೆ ಬಿ ಅಂದರೆ ಬಿ ಫ್ಲಾಟ್. ನಾವು ಬಿ ಅನ್ನೋದಕ್ಕೆ ಅವರು ಎಚ್ ಅಂತಾರೆ. ಇದು ನನಗೆ ಗೊತ್ತಿತ್ತು! ಗೊತ್ತಿದ್ದೂ ಗಡಿಬಿಡಿಯಲ್ಲಿ ಬಿ ಅಂತಲೇ ಬರೆದು ಬಂದೆ.

ಎರಡನೇ ಊರಲ್ಲಿ ಪಿಯಾನೋ ಕೈಕೊಟ್ಟಿತು. ಮುಖ್ಯ ವಾದ್ಯ ಯಾವುದೇ ಇರಲಿ, ಪಿಯಾನೋ ಸ್ವಲ್ಪ ಬರಲೇಬೇಕು. ಮೂರನೇ ಊರಿನಿಂದ ಬಂದ ಪತ್ರ ಇನ್ನೂ ಇಟ್ಟುಕೊಂಡಿದ್ದೇನೆ. ಪರೀಕ್ಷೆ ಪಾಸು, ಆದರೆ ಸೀಟು ಖಾಲಿ ಇಲ್ಲ. ಹೌದು, ಹಾಗೂ ಇರುತ್ತದೆ. ಪಾಸಾದವರಲ್ಲಿ ಮೇಷ್ಟ್ರ ಕ್ಲಾಸಲ್ಲಿ ಎಷ್ಟು ಜಾಗ ಇದೆಯೋ ಅಷ್ಟೇ ಜನಕ್ಕೆ ಸೀಟು.

ರೀಡ್‌ಕತ್ತರಿ

ಅರ್ಧಸ್ವರ ಅವರೇ, ನೀವು ಹೇಳಿದ್ದೆಲ್ಲ ಸರಿ. ಆದರೆ 47,616 ಅಂತ ಬರೆದು ಅಲ್ಲಿಗೇ ನಿಲ್ಲಿಸಿದರೆ ಹೇಗೆ? ಅಷ್ಟನ್ನೂ ಮೊದಲ ದಿನವೇ ತೋರಿಸಬೇಕಾಗಿಲ್ಲ. ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ನಾನು ಎರಡನೇ ವರ್ಷದಿಂದ ಮನೆಗೆ ದುಡ್ಡು ಕೇಳಿಲ್ಲ. ಡಾಯ್ಚ್‌ಲಾಂಡ್‌ಸ್ಟಿಪೆಂಡಿಯಂ ಅಂತ ತಿಂಗಳಿಗೆ 300 ಯೂರೋ ವಿದ್ಯಾರ್ಥಿವೇತನ ಇದೆ, ಅದಕ್ಕೆ ಯಾವ ದೇಶದವರಾದರೂ ಅರ್ಜಿ ಹಾಕಬಹುದು.

ಹಾಂ, ಒಂದು ಎಚ್ಚರಿಕೆ. ಕ್ರಿಸ್‌ಮಸ್, ಈಸ್ಟರ್ ಸಮಯದಲ್ಲಿ ಚರ್ಚುಗಳಲ್ಲಿ ನುಡಿಸಲು ಕರೀತಾರೆ. ಇಂಥ ಬಿಡಿ ಕಾರ್ಯಕ್ರಮಕ್ಕೆ ಇಲ್ಲಿ 'ಮುಕ್ಕೆ' ಅಂತ ಹೆಸರು. ದುಡ್ಡು ಚೆನ್ನಾಗಿರುತ್ತದೆ. ಆದರೆ ಅದು ಸಂಬಳದ ಕೆಲಸ ಅಲ್ಲ, ಸ್ವಂತ ವೃತ್ತಿ ಅಂತ ಲೆಕ್ಕ. ವಿದ್ಯಾರ್ಥಿ ಪರ್ಮಿಟ್‌ನಲ್ಲಿ ಅದಕ್ಕೆ ಬೇರೆ ಅನುಮತಿ ಬೇಕು. ನಾನು ಮೊದಲ ಡಿಸೆಂಬರ್‌ನಲ್ಲಿ ಮೂರು ಕಾರ್ಯಕ್ರಮಕ್ಕೆ ಒಪ್ಪಿಕೊಂಡಿದ್ದೆ. ಆಮೇಲೆ ಪರ್ಮಿಟ್ ಕಾರ್ಡಿನ ಜೊತೆ ಕೊಟ್ಟ ಹಾಳೆ ಓದಿ ಮೂರನ್ನೂ ಬಿಟ್ಟುಕೊಟ್ಟೆ.

ಮೂರುಜೇಬು

ಜರ್ಮನಿ ಜರ್ಮನಿ ಅಂತ ಎಲ್ಲರೂ ಅಲ್ಲೇ ನಿಂತಿದ್ದೀರಿ. ಇಟಲಿ ಕಡೆ ನೋಡಿ. ಅಲ್ಲಿ ಕನ್ಸರ್ವಟೋರಿಯೋ ಅನ್ನೋ ಸರ್ಕಾರಿ ಸಂಗೀತ ಕಾಲೇಜುಗಳು ಊರೂರಲ್ಲಿ ಇವೆ, ರೋಮ್ ಮಿಲಾನ್ ಮಾತ್ರ ಅಲ್ಲ. ಫೀಸು ಮನೆಯ ಆದಾಯದ ಮೇಲೆ. ಅದನ್ನು ತೋರಿಸುವ ಪತ್ರಕ್ಕೆ ಇಸೆ ಅಂತಾರೆ, ಹೊರದೇಶದವರಿಗೆ 'ಇಸೆ ಪಾರಿಫಿಕಾಟೊ'. ಆದಾಯ ಕಡಿಮೆ ಇದ್ದರೆ ಫೀಸು ತುಂಬಾ ಇಳಿಯುತ್ತದೆ. ಜೊತೆಗೆ ಆಯಾ ಪ್ರಾಂತ್ಯದ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕಬಹುದು. ಸಿಕ್ಕರೆ ಊಟ, ಹಾಸ್ಟೆಲ್, ಕೈಗೆ ಒಂದಿಷ್ಟು ದುಡ್ಡು. ನನಗೆ ಸಿಕ್ಕಿತು. ನಾನು ಹಾಡುಗಾರ್ತಿ, ಈಗ ಎರಡನೇ ವರ್ಷ.

ಆದರೆ ಕಾಗದಪತ್ರ! ಅಪ್ಪ ಅಮ್ಮ ಇಬ್ಬರ ಆದಾಯ, ಬ್ಯಾಂಕಿನಲ್ಲಿರುವುದು, ಮನೆ ಎಷ್ಟು ಚದರ ಮೀಟರ್ ಅನ್ನೋದು, ಎಲ್ಲ ಬೇಕು. ಎಲ್ಲಕ್ಕೂ ಅನುವಾದ, ಅನುವಾದಕ್ಕೆ ಮೊಹರು. ನನ್ನ ಒಂದು ಪ್ರಮಾಣಪತ್ರದಲ್ಲಿ ಅಪ್ಪನ ಹೆಸರಿಗೆ ಒಂದು ಅಕ್ಷರ ಹೆಚ್ಚಿತ್ತು. ಆ ಒಂದು ಅಕ್ಷರಕ್ಕೆ ಏಳು ವಾರ ಹೋಯಿತು. ಅಲ್ಲಿ ಅರ್ಜಿಗಳ ಮೇಲೆ ಅಂಟಿಸಲು 16 ಯೂರೋದ ಒಂದು ಸ್ಟಾಂಪ್ ಇದೆ, ಮಾರ್ಕಾ ದ ಬೊಲ್ಲೊ. ತಂಬಾಕು ಅಂಗಡಿಯಲ್ಲಿ ಸಿಗುತ್ತದೆ. ಯಾವಾಗಲೂ ಒಂದು ಪರ್ಸಲ್ಲಿ ಇಟ್ಟುಕೊಂಡಿರುತ್ತೇನೆ, ಬೇರೆಯವರು ಛತ್ರಿ ಇಟ್ಟುಕೊಳ್ಳೋ ಹಾಗೆ.

ವಿದ್ಯಾರ್ಥಿವೇತನ ಕಂತಿನಲ್ಲಿ ಬರುತ್ತದೆ, ಅದೂ ತಡವಾಗಿ. ನನಗೆ ಮೊದಲ ಕಂತು ಬರುವ ಹೊತ್ತಿಗೆ ಚಳಿಗಾಲ ಬಂದಿತ್ತು. ಅಷ್ಟು ತಿಂಗಳ ಖರ್ಚು ಕೈಯಲ್ಲಿ ಇಲ್ಲದೆ ಬರಬೇಡಿ.

ಕೀಲಿಮಣೆ

ಮೂರು ವಿಷಯ ಬೇಗ ಹೇಳಿ ಹೋಗುತ್ತೇನೆ, ಪಾಠಕ್ಕೆ ಹೊತ್ತಾಯಿತು. ಆಸ್ಟ್ರಿಯಾದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಯುರೋಪಿನ ಹೊರಗಿನವರಿಗೆ ಸೆಮಿಸ್ಟರ್‌ಗೆ 726.72 ಯೂರೋ. ವಿಯೆನ್ನಾ, ಸಾಲ್ಸ್‌ಬುರ್ಗ್, ಗ್ರಾತ್ಸ್ ಮೂರರಲ್ಲೂ ದೊಡ್ಡ ಹೆಸರಿನ ಸಂಗೀತ ವಿಶ್ವವಿದ್ಯಾಲಯಗಳಿವೆ. ಹೆಸರು ದೊಡ್ಡದು, ಸಾಲೂ ಉದ್ದ. ಝೆಕ್ ದೇಶದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಝೆಕ್ ಭಾಷೆಯಲ್ಲೇ ಓದಿದರೆ ಯಾವ ದೇಶದವರಿಗೂ ಫೀಸಿಲ್ಲ, ಇಂಗ್ಲಿಷ್‌ನಲ್ಲಿ ಓದಿದರೆ ಇದೆ. ಪ್ರಾಗ್‌ನ ಹಾಮು, ಬ್ರನೋದ ಯಾಮು ಅನ್ನೋ ಸಂಗೀತ ಕಾಲೇಜುಗಳನ್ನು ನೋಡಿ. ಫ್ರಾನ್ಸಿನ ಪ್ಯಾರಿಸ್, ಲಿಯೋನ್ ಕನ್ಸರ್ವೇಟರಿಗಳ ಫೀಸು ವರ್ಷಕ್ಕೆ ಕೆಲವೇ ನೂರು ಯೂರೋ. ಆದರೆ ಪ್ಯಾರಿಸ್‌ನಲ್ಲಿ ಒಂದೊಂದು ವಾದ್ಯಕ್ಕೂ ವಯಸ್ಸಿನ ಮಿತಿ ಇದೆ. 23 ಅಂದಿರಿ, ಅದನ್ನು ಮೊದಲು ನೋಡಿಕೊಳ್ಳಿ.

ಮಂದ್ರ

ಹಂಗೇರಿಯನ್ನು ಯಾರೂ ಹೇಳಲಿಲ್ಲವಲ್ಲ. ಸ್ಟಿಪೆಂಡಿಯಂ ಹಂಗಾರಿಕಂ ಅನ್ನೋ ಸರ್ಕಾರಿ ವಿದ್ಯಾರ್ಥಿವೇತನ ಇದೆ. ಫೀಸು ಪೂರ್ತಿ ಅವರದು. ತಿಂಗಳಿಗೆ 43,700 ಫೋರಿಂಟ್, ಹಾಸ್ಟೆಲ್ ಅಥವಾ ಬಾಡಿಗೆಗೆ 40,000 ಫೋರಿಂಟ್. ಬುಡಾಪೆಸ್ಟ್‌ನ ಲಿಸ್ಟ್ ಸಂಗೀತ ಅಕಾಡೆಮಿಗೂ ಇದರಲ್ಲಿ ಅರ್ಜಿ ಹಾಕಬಹುದು. ಹಾಸ್ಟೆಲ್ ಸಿಕ್ಕರೆ ಹೇಗೋ ನಡೆಯುತ್ತದೆ. ಹೊರಗೆ ರೂಮು ಮಾಡಿದರೆ ಆ ದುಡ್ಡು ಏನೇನೂ ಸಾಲಲ್ಲ. ನಿಮ್ಮ ದೇಶದ ಜೊತೆ ಒಪ್ಪಂದ ಇರಬೇಕು, ಅರ್ಜಿ ಜನವರಿ ಮಧ್ಯಕ್ಕೆ ಮುಗಿಯುತ್ತದೆ.

ಮಕ್ಕಳಿಗೆ ಸಂಗೀತ ಕಲಿಸುವ ಆಸೆ ಇದ್ದರೆ ಕೆಚ್ಕೆಮೇಟ್‌ನ ಕೊಡಾಯ್ ಇನ್‌ಸ್ಟಿಟ್ಯೂಟ್ ನೋಡಿ. ಅರ್ಧಸ್ವರ ಅವರ ಆ ನಾಲ್ಕು ಸ್ವರ ಇದೆಯಲ್ಲ, ಅಲ್ಲಿ ಓದಿದವರು ಕಣ್ಣು ಮುಚ್ಚಿ ಹಾಡುತ್ತಾರೆ.

ಅರ್ಧಸ್ವರ

ಹಾಡಲಿ ಬಿಡಿ. ನಾನು ಇನ್ನೂ ಆ ಮಂಜಲ್ಲೇ ಇದ್ದೇನೆ.

ಎರಡನೇಸಾಲು

ಅಮೆರಿಕದ ಫೀಸು ನೋಡಿ ಎಲ್ಲರೂ ಓಡಿ ಹೋಗುತ್ತಾರೆ. ಬೋರ್ಡ್ ಮೇಲಿನ ಬೆಲೆ ಮತ್ತು ನಿಜವಾಗಿ ಕಟ್ಟುವ ಬೆಲೆ ಅಲ್ಲಿ ಬೇರೆ ಬೇರೆ. ಫಿಲಡೆಲ್ಫಿಯಾದ ಕರ್ಟಿಸ್ ಸಂಗೀತ ಶಾಲೆಯಲ್ಲಿ 1928ರಿಂದ ಯಾರಿಗೂ ಬೋಧನಾ ಶುಲ್ಕವೇ ಇಲ್ಲ. ಆದರೆ ಇಡೀ ಶಾಲೆಯಲ್ಲಿರುವುದು ನೂರೈವತ್ತು, ನೂರರವತ್ತು ಜನ. ಒಬ್ಬ ಚೆಲ್ಲೋ ವಿದ್ಯಾರ್ಥಿ ಹೊರಗೆ ಹೋದರೆ ಒಬ್ಬರಿಗೆ ಜಾಗ. ಯೇಲ್‌ನ ಸ್ಕೂಲ್ ಆಫ್ ಮ್ಯೂಸಿಕ್‌ಗೆ 2005ರಲ್ಲಿ 10 ಕೋಟಿ ಡಾಲರ್ ದಾನ ಬಂತು. ಆಮೇಲೆ ಅಲ್ಲಿಯೂ ಬೋಧನಾ ಶುಲ್ಕ ತೆಗೆದರು. ಇವೆರಡನ್ನೂ ಲಾಟರಿ ಅಂದುಕೊಳ್ಳಿ. ಟಿಕೆಟ್ ತೆಗೆದುಕೊಳ್ಳಿ, ಅದನ್ನೇ ನಂಬಿ ಕೂರಬೇಡಿ.

ನಾನು ಬಂದಿದ್ದು ಬೇರೆ ದಾರಿಯಲ್ಲಿ. ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಮಾಸ್ಟರ್ಸ್ ವಿದ್ಯಾರ್ಥಿಗಳಿಗೆ ಅಸಿಸ್ಟೆಂಟ್‌ಶಿಪ್ ಕೊಡುತ್ತಾರೆ. ಥಿಯರಿ ಕ್ಲಾಸ್ ತೆಗೆದುಕೊಳ್ಳುವುದು, ಪೇಪರ್ ತಿದ್ದುವುದು, ಕೆಲವು ಕಡೆ ಕ್ವಾರ್ಟೆಟ್‌ನಲ್ಲಿ ನುಡಿಸುವುದು. ಬದಲಿಗೆ ಫೀಸು ಮನ್ನಾ, ತಿಂಗಳಿಗೊಂದು ಚಿಕ್ಕ ಸಂಬಳ. ನಾನು ನುಡಿಸುವುದು ವಯೋಲಾ, ವಯಲಿನ್‌ಗಿಂತ ಸ್ವಲ್ಪ ದೊಡ್ಡದು. ಒಳ್ಳೆ ವಯೋಲಾದವರು ಸಿಗುವುದು ಕಷ್ಟ, ನಮ್ಮ ಮೇಲಿನ ಜೋಕುಗಳೆಲ್ಲ ಅಲ್ಲಿಗೆ ವಸೂಲಾಗುತ್ತವೆ. ಆರ್ಕೆಸ್ಟ್ರಾದಲ್ಲಿ ಯಾವ ವಾದ್ಯ ಕಡಿಮೆ ಇದೆಯೋ ಅದಕ್ಕೆ ದುಡ್ಡು ಜಾಸ್ತಿ ಸಿಗುತ್ತದೆ. ಪಿಯಾನೋದವರಿಗೆ ಈ ಅನುಕೂಲ ಇಲ್ಲ, ಪಾಪ. ಚೆಲ್ಲೋ ಎರಡರ ಮಧ್ಯೆ.

ಮೊದಲ ಸುತ್ತಿನ ವಿಡಿಯೋವನ್ನು ಬಹಳಷ್ಟು ಕಡೆ ಡಿಸೆಂಬರ್ 1ರೊಳಗೆ ಕಳಿಸಬೇಕು. ವೀಸಾಕ್ಕೆ ಮೊದಲ ವರ್ಷದ ಖರ್ಚಿಗೆ ದುಡ್ಡಿದೆ ಅಂತ ತೋರಿಸಬೇಕು, ಅದರಲ್ಲಿ ಅಸಿಸ್ಟೆಂಟ್‌ಶಿಪ್ ಪತ್ರವೂ ಲೆಕ್ಕಕ್ಕೆ ಬರುತ್ತದೆ.

ಬೆರಳುಗಂಟು

ಏಜೆಂಟ್ ಹತ್ತಿರ ಹೋಗಬೇಡಿ ಅಂತ ಹೇಳಲು ಬಂದೆ. ನಾನು ಹೋದೆ. ಆರು ಕಾಲೇಜಿಗೆ ಅರ್ಜಿ ಹಾಕುತ್ತೇವೆ ಅಂದರು, ದುಡ್ಡು ತೆಗೆದುಕೊಂಡರು. ಐದು ತಿಂಗಳಾದ ಮೇಲೆ ಗೊತ್ತಾಯಿತು, ಆರೂ ಖಾಸಗಿ ಸಂಸ್ಥೆಗಳು, ಆರರಲ್ಲೂ ಫೀಸು. ಸರ್ಕಾರಿ ಕಾಲೇಜಿಗೆ ಹಾಕಿ ಅಂದರೆ 'ಅಲ್ಲಿ ಆಡಿಷನ್ ಇರುತ್ತೆ ಮೇಡಂ, ರಿಸ್ಕ್' ಅಂದರು. ಆಡಿಷನ್ ಬೇಡ ಅನ್ನೋ ಸಂಗೀತ ಕಾಲೇಜು ಎಂಥದ್ದು ಅಂತ ನನಗೆ ಆವಾಗಲೇ ಹೊಳೆಯಬೇಕಿತ್ತು. ನೀವು ಚೆಲ್ಲೋ ನುಡಿಸುವುದನ್ನು ಏಜೆಂಟ್ ಕೇಳಿಯೂ ಇರಲ್ಲ. ಅವನು ನಿಮಗೆ ಮೇಷ್ಟ್ರನ್ನು ಹೇಗೆ ಹುಡುಕುತ್ತಾನೆ?

ಚೆಲ್ಲೋಮರಿ

ಎಲ್ಲರೂ ಕೊನೆಗೆ ಮೇಷ್ಟ್ರ ವಿಷಯಕ್ಕೇ ಬರ್ತಿದ್ದೀರಿ. ಗುರುತು ಪರಿಚಯ ಇಲ್ಲದ ಪ್ರೊಫೆಸರ್‌ಗೆ ಏನಂತ ಬರೆಯಲಿ? ನಾಚಿಕೆ ಆಗುತ್ತೆ.

ಹಳೇಬೋ

ತಂಗೀ, ನಾಚಿಕೆ ಪಡಬೇಡ. ಮೂವತ್ತು ವರ್ಷ ಕಲಿಸಿದ್ದೇನೆ, ನನಗೂ ಇಂಥ ಮೇಲ್ ಬರುತ್ತಿದ್ದವು. ಓದದೆ ಬಿಟ್ಟಿದ್ದು ಯಾವುದು ಅಂತ ಹೇಳುತ್ತೇನೆ. 'ಗೌರವಾನ್ವಿತ ಪ್ರೊಫೆಸರ್, ಸಂಗೀತ ನನ್ನ ಉಸಿರು' ಅಂತ ಶುರುವಾಗಿ ಎರಡು ಪುಟ ಹೋಗುವಂಥದ್ದು. ಓದಿದ್ದು ಯಾವುದು ಅಂದರೆ ಐದು ಸಾಲಿನದು. ನಾನು ಯಾರು, ಈಗ ಏನು ನುಡಿಸುತ್ತಿದ್ದೇನೆ, ಯಾವ ವರ್ಷಕ್ಕೆ ಅರ್ಜಿ, ಇಗೋ ವಿಡಿಯೋ, ಒಂದು ಪಾಠ ಸಿಗುತ್ತದೆಯಾ. ಅಷ್ಟೇ. ಪಾಠಕ್ಕೆ ಎಷ್ಟು ಕೊಡಬೇಕು ಅಂತ ನೀನೇ ಕೇಳು. ಕೆಲವರು ತೆಗೆದುಕೊಳ್ಳಲ್ಲ, ಆದರೆ ಕೇಳಿದ್ದು ನೆನಪಿಟ್ಟುಕೊಳ್ಳುತ್ತಾರೆ.

ವಿಡಿಯೋದಲ್ಲಿ ಕತ್ತರಿ ಆಡಿಸಬೇಡ. ಎರಡೂ ಕೈ, ಪೂರ್ತಿ ಬೋ (ಕಮಾನು) ಕಾಣಲಿ. ಒಂದು ನಿಧಾನದ್ದು, ಒಂದು ವೇಗದ್ದು ಸಾಕು. ನಾನು ಮೊದಲ ಇಪ್ಪತ್ತು ಸೆಕೆಂಡ್ ಶ್ರುತಿ ಮತ್ತು ಬಲಗೈ ನೋಡುತ್ತಿದ್ದೆ. ತಪ್ಪು ಸ್ವರ ಬಂದರೆ ಬರಲಿ. ಭುಜ ಬಿಗಿ ಇದ್ದರೆ ಮಾತ್ರ ಯೋಚನೆ, ಅದನ್ನು ಬಿಡಿಸಲು ಒಂದು ವರ್ಷ ಬೇಕು.

ಇನ್ನೊಂದು ಮಾತು. ದೇಶ ಆರಿಸಿ ಆಮೇಲೆ ಮೇಷ್ಟ್ರನ್ನು ಹುಡುಕುವವರೇ ಜಾಸ್ತಿ. ನಾನು ತಿರುಗಿಸಿ ಹೇಳುತ್ತೇನೆ. ಹತ್ತು ಹನ್ನೆರಡು ಜನಕ್ಕೆ ಬರೆ. ಯಾರು ಉತ್ತರ ಕೊಡುತ್ತಾರೋ, ಯಾರ ಪಾಠದಲ್ಲಿ ನಿನ್ನ ಕೈ ಬದಲಾಗುತ್ತದೋ ಅವರ ಊರಿನ ಫೀಸು ನೋಡು. ಕ್ಲಾಸಲ್ಲಿ ಮುಂದಿನ ವರ್ಷ ಜಾಗ ಇದೆಯಾ ಅಂತ ಅವರನ್ನೇ ಕೇಳು. ಅರ್ಧಸ್ವರ ಅದನ್ನು ಮೊದಲೇ ಕೇಳಿದ್ದರೆ ಆ ಮೂರನೇ ಊರಿನ ರೈಲು ಟಿಕೆಟ್ ಉಳಿಯುತ್ತಿತ್ತು.

ಅರ್ಧಸ್ವರ

ಗಾಯದ ಮೇಲೆ ಉಪ್ಪು ಹಾಕಿದಿರಿ ಸರ್. ಆದರೆ ನಿಜ.

ಎರಡನೇಸಾಲು

ಚೆಲ್ಲೋದವರಿಗೆ ಮರೆತುಹೋಗುವ ಖರ್ಚು: ವಿಮಾನದಲ್ಲಿ ಚೆಲ್ಲೋಗೂ ಒಂದು ಸೀಟು ಬೇಕು. ಕೆಳಗೆ ಲಗೇಜಿಗೆ ಹಾಕುವ ಧೈರ್ಯ ನನಗಂತೂ ಇಲ್ಲ. ಪರೀಕ್ಷೆಗೆ ಹೋಗುವಾಗ ಅಲ್ಲೇ ಒಂದು ಚೆಲ್ಲೋ ಎರವಲು ಸಿಗುತ್ತದೆಯಾ ಅಂತ ಮೇಷ್ಟ್ರನ್ನು ಕೇಳಿ, ಆದರೆ ಎರಡು ದಿನ ಮುಂಚೆಯಾದರೂ ಕೈಗೆ ಬರಬೇಕು. ಒಳ್ಳೆ ತಂತಿ ಒಂದು ಸೆಟ್ 200 ಯೂರೋ ದಾಟುತ್ತದೆ. ಪಿಯಾನೋ ಜೊತೆಗಾರರಿಗೂ ಕೊಡಬೇಕಾಗಬಹುದು. ವೀಸಾ ಬೇಕಾದ ದೇಶದವರು ಟೂರಿಸ್ಟ್ ವೀಸಾದಲ್ಲಿ ಹೋಗಬೇಡಿ. ಜರ್ಮನಿಗೆ ಅರ್ಜಿದಾರರ ವೀಸಾ ಅಂತ ಬೇರೆ ಇದೆ. ಇಲ್ಲದಿದ್ದರೆ ಪಾಸಾದ ಮೇಲೂ ವಾಪಸ್ ಬಂದು ಮತ್ತೆ ಸಾಲಲ್ಲಿ ನಿಲ್ಲಬೇಕು.

ಚೆಲ್ಲೋಮರಿ

ಏಳು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ನೆನಪಿದ್ದೀನಾ?

ಹನ್ನೆರಡು ಮೇಲ್ ಕಳಿಸಿದೆ. ನಾಲ್ಕು ಉತ್ತರ ಬಂತು. ಒಬ್ಬರು 'ಎರಡು ವರ್ಷ ಜಾಗ ಇಲ್ಲ' ಅಂತ ಒಂದೇ ಸಾಲು ಬರೆದರು, ಅದಕ್ಕೂ ಖುಷಿಯಾಯಿತು. ಇಬ್ಬರು ಆನ್‌ಲೈನ್‌ನಲ್ಲಿ ಪಾಠ ಕೊಟ್ಟರು. ಅವರಲ್ಲೊಬ್ಬರು ನಲವತ್ತೈದು ನಿಮಿಷದಲ್ಲಿ ಮೂವತ್ತು ನಿಮಿಷ ಬರೀ ಖಾಲಿ ತಂತಿ ಎಳೆಸಿದರು. ಮೊದಲು ಅವಮಾನ ಅನ್ನಿಸಿತು. ಇಪ್ಪತ್ತನೇ ನಿಮಿಷಕ್ಕೆ ಹೆಬ್ಬೆರಳು ಸಡಿಲ ಆಯಿತು. ಸಿ ತಂತಿಯ ದನಿ ನೆಲದಿಂದ ಬಂದ ಹಾಗೆ ಕೇಳಿಸಿತು, ಕುರ್ಚಿಯ ಕಾಲೇ ಗುಂಯ್ ಅಂತು. ಹಳೇಬೋ ಸರ್, ಹೌದು, ಭುಜವೇ.

ಅವರು ಇರುವ ಊರಲ್ಲಿ ಫೀಸಿಲ್ಲ. ಇದು ಅದೃಷ್ಟ, ನಾನು ಹುಡುಕಿದ್ದಲ್ಲ. ಮುಂದಿನ ವರ್ಷ ಕ್ಲಾಸಲ್ಲಿ ಎರಡು ಜಾಗ ಖಾಲಿ ಆಗುತ್ತಂತೆ. ಈ ವರ್ಷ ಬರಬೇಡ, ಪಿಯಾನೋ ಕಲಿತು ಬಾ ಅಂದರು. ಆದ್ದರಿಂದ ಇನ್ನೊಂದು ವರ್ಷ ಕೆಲಸ. ಉಳಿತಾಯ ಈಗ 10,700 ಆಗಿದೆ, ಬ್ಲಾಕ್ಡ್ ಅಕೌಂಟ್ ದಾಟಿ ಇನ್ನೂ ಎರಡು ಸಾವಿರ ಕೈಯಲ್ಲಿ ಇಟ್ಟುಕೊಂಡೇ ಹೊರಡುತ್ತೇನೆ. ಜರ್ಮನ್ ಬಿ1 ಪರೀಕ್ಷೆ ಮಾರ್ಚ್‌ನಲ್ಲಿ. ಇಟಲಿಗೂ ಒಂದು ಅರ್ಜಿ ಹಾಕುತ್ತೇನೆ. ಮೂರುಜೇಬು ಅಕ್ಕ, ಅಪ್ಪನ ಹೆಸರು ಎಲ್ಲ ಕಾಗದದಲ್ಲೂ ಒಂದೇ ಥರ ಇದೆಯಾ ಅಂತ ನೋಡಿದೆ. ಎರಡು ಕಡೆ ಬೇರೆ ಇತ್ತು!

ದಿನಾ ಬೆಳಗ್ಗೆ ಕೆಲಸಕ್ಕೆ ಹೋಗೋ ಮುಂಚೆ ನಲವತ್ತು ನಿಮಿಷ ಪಿಯಾನೋದಲ್ಲಿ ಕೇಡೆನ್ಸ್ ಅಭ್ಯಾಸ. ಎಫ್ ಮೇಜರ್ ಬರುತ್ತದೆ, ಇ ಫ್ಲಾಟ್ ಇನ್ನೂ ಎಡವುತ್ತದೆ. ಫೋನ್ ಆಪ್‌ನಲ್ಲಿ ನಾಲ್ಕು ಸ್ವರ ಒತ್ತಿ ಮೂರನೇದು ಹಾಡುತ್ತೇನೆ. ನಿನ್ನೆ ಹತ್ತರಲ್ಲಿ ಆರು ಸರಿ ಬಂತು.

ಮೂರುಜೇಬು

ಎರಡೂ ಇವಾಗಲೇ ಸರಿ ಮಾಡಿಸಿ, ಏಳು ವಾರ ಅಂದಿದ್ದು ನೆನಪಿದೆ ಅಲ್ವಾ?

ಅರ್ಧಸ್ವರ

ಹತ್ತರಲ್ಲಿ ಆರು ಅಂದರೆ ನನಗಿಂತ ನಾಲ್ಕು ಜಾಸ್ತಿ. ಥಿಯರಿ ಪೇಪರ್‌ನಲ್ಲಿ ಮಾತ್ರ ಎಚ್ ಮರೀಬೇಡಿ.